ಅಹಮದಾಬಾದಿನ ಮೋಡದ ಲೆಕ್ಕ

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಉಡುಪಿ, ಮಂಗಳೂರು ಕಡಲತೀರವನ್ನು ಕಂಗೆಡಿಸಿ ಉತ್ತರಕ್ಕೆ ಸಾಗಿತು. 17ರ ರಾತ್ರಿ ದಿಯು ಸಮೀಪ ಗುಜರಾತ್ ಕರಾವಳಿಯನ್ನು ಅಪ್ಪಳಿಸಿತು. ಅದರ ಹಾದಿಯ ಮೇಲೆ ಕಣ್ಣಿಟ್ಟಿದ್ದ ಇನ್ಸಾಟ್-3ಡಿ ಮತ್ತು 3ಡಿಆರ್ ಉಪಗ್ರಹಗಳು ಅರ್ಧ ಗಂಟೆಗೊಂದರಂತೆ ಚಿತ್ರ ತೆಗೆಯುತ್ತಿದ್ದವು. ಆ ಚಿತ್ರಗಳು ಕೊನೆಗೆ ಸೇರುವ ಭಂಡಾರಗಳಲ್ಲೊಂದು ಅಹಮದಾಬಾದಿನ ಬೋಪಲ್‌ನಲ್ಲಿದೆ. ಇಸ್ರೋದ ಬಾಹ್ಯಾಕಾಶ ಅನ್ವಯಿಕ ಕೇಂದ್ರ ನಡೆಸುವ ಅದರ ಹೆಸರು ಮೋಸ್‌ಡ್ಯಾಕ್.

ಅಲ್ಲಿಂದ ಇಳಿಸಿಕೊಂಡ ಕಡತವನ್ನು ಫೋಟೊ ತೆರೆದಂತೆ ತೆರೆಯಲಾಗದು. ಅದು ಎಚ್‌ಡಿಎಫ್5 ಎಂಬ ರೂಪದಲ್ಲಿರುತ್ತದೆ, ಓದಲು ಅದೇ ಹೆಸರಿನ ತಂತ್ರಾಂಶ ಲೈಬ್ರರಿ ಬೇಕು. ಅಹಮದಾಬಾದು ಈ ರೂಪಕ್ಕೆ ಬಂದು ಮುಟ್ಟುವ ಹೊತ್ತಿಗೆ ಆ ಊರಿನಲ್ಲಿ ಅಂಕಿಅಂಶ ಕೂಡಿಡುವ ಕೆಲಸಕ್ಕೆ ಅರವತ್ತು ವರ್ಷ ದಾಟಿತ್ತು.

ವಿಕ್ರಮ್ ಸಾರಾಭಾಯಿ 1947ರ ನವೆಂಬರ್ 11ರಂದು ಭೌತ ಸಂಶೋಧನಾ ಪ್ರಯೋಗಾಲಯವನ್ನು, ಅಂದರೆ ಪಿಆರ್‌ಎಲ್ ಅನ್ನು, ಆರಂಭಿಸಿದ್ದು ಎಂ.ಜಿ. ವಿಜ್ಞಾನ ಸಂಸ್ಥೆಯ ಕೋಣೆಗಳಲ್ಲಿ. ಮೊದಲ ನಿರ್ದೇಶಕರು ಕೆ.ಆರ್. ರಾಮನಾಥನ್. ವಿಶ್ವಕಿರಣಗಳ ಪ್ರಮಾಣ ಹೊತ್ತಿನಿಂದ ಹೊತ್ತಿಗೆ ಹೇಗೆ ಬದಲಾಗುತ್ತದೆ ಎಂಬುದು ಸಾರಾಭಾಯಿ ಅವರ ತಂಡದ ಮುಖ್ಯ ಪ್ರಶ್ನೆ. ಉತ್ತರ ಬೇಕಿದ್ದರೆ ತಿಂಗಳು, ವರ್ಷಗಟ್ಟಲೆ ಅಳತೆಗಳನ್ನು ಬಿಡದೆ ದಾಖಲಿಸಬೇಕಿತ್ತು. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಈ ಗರಡಿಯಲ್ಲೇ ಪಳಗಿದವರು. 1960ರಲ್ಲಿ ಗುಜರಾತ್ ವಿಶ್ವವಿದ್ಯಾಲಯದ ಪಿಎಚ್‌ಡಿ ಪಡೆದು ಅಮೆರಿಕದ ಎಂಐಟಿಗೆ ಹೋದರು, ಮರೀನರ್-2 ನೌಕೆ ಕಳಿಸಿದ ಅಳತೆಗಳ ಮೇಲೆ ಕೆಲಸ ಮಾಡಿ 1966ರಲ್ಲಿ ಮತ್ತೆ ಪಿಆರ್‌ಎಲ್‌ಗೆ ಬಂದರು. 1972ರಲ್ಲಿ ಅವರು ಉಪಗ್ರಹ ನಿರ್ಮಾಣದ ಹೊಣೆ ಹೊತ್ತು ಬೆಂಗಳೂರಿನ ಪೀಣ್ಯಕ್ಕೆ ಬಂದದ್ದು, 1975ರ ಏಪ್ರಿಲ್ 19ರಂದು ಆರ್ಯಭಟ ಹಾರಿದ್ದು ಕನ್ನಡಿಗರಿಗೆ ಗೊತ್ತಿರುವ ಕಥೆ.

ಅಷ್ಟೊತ್ತಿಗೆ ಪಿಆರ್‌ಎಲ್‌ನಲ್ಲಿ ಐಬಿಎಂ 360/44 ಕಂಪ್ಯೂಟರ್ ಲೆಕ್ಕ ಹಾಕುತ್ತಿತ್ತು. 1980ರ ದಶಕದಲ್ಲಿ ಅದೇ ಪ್ರಯೋಗಾಲಯ ಡೆಕ್-1091 ಬಳಸಿತು. ತೊಡಕು ಇದ್ದದ್ದು ಇಲ್ಲೇ. ಐಬಿಎಂ ಯಂತ್ರ ಒಮ್ಮೆಗೆ ಕೈಗೆತ್ತಿಕೊಳ್ಳುವ ಬಿಟ್‌ಗಳ ಗುಂಪು, ಅಂದರೆ ಒಂದು 'ಪದ', 32 ಬಿಟ್, ಡೆಕ್‌ನದು 36. ಇಂಗ್ಲಿಷಿನ 'ಎ' ಅಕ್ಷರವನ್ನು ಐಬಿಎಂ 193 ಎಂದು ಬರೆದಿಟ್ಟರೆ ಡೆಕ್ 65 ಎಂದು ಬರೆಯುತ್ತಿತ್ತು. ದಶಮಾಂಶ ಸಂಖ್ಯೆಗಳನ್ನು ಹಿಡಿದಿಡುವ ರೀತಿಯೂ ಬೇರೆ. ಒಂದು ಯಂತ್ರ ಬರೆದ ಟೇಪನ್ನು ಇನ್ನೊಂದಕ್ಕೆ ಹಾಕಿದರೆ, ಯಾವ ಬಿಟ್ ಎಲ್ಲಿ ಆರಂಭ, ಎಲ್ಲಿ ಮುಗಿಯಿತು ಎಂದು ತಿಳಿದವರು ಪಕ್ಕದಲ್ಲಿರಬೇಕಿತ್ತು. ವಿವರದ ಹಾಳೆ ಕಳೆದುಹೋದರೆ ಟೇಪು ಇದ್ದೂ ಇಲ್ಲದಂತೆ.

ಇದು ಅಹಮದಾಬಾದಿನ ಪಾಡಷ್ಟೇ ಆಗಿರಲಿಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟಿಂಗ್ ಕೇಂದ್ರದಲ್ಲಿ 1980ರ ದಶಕದ ಕೊನೆಗೆ ಎಚ್‌ಡಿಎಫ್ ಹುಟ್ಟಿದ್ದು ಇದೇ ತಲೆನೋವಿಗೆ ಮದ್ದಾಗಿ. ಭೂವೀಕ್ಷಣೆಯ ತನ್ನ ದೊಡ್ಡ ಯೋಜನೆಗೆ ನಾಸಾ ಅದನ್ನು ಆರಿಸಿಕೊಂಡಿತು. 1998ರಲ್ಲಿ ಹೊಸದಾಗಿ ಬರೆದ ಎಚ್‌ಡಿಎಫ್5 ಬಂತು. ಸಂಖ್ಯೆಗಳ ಜೊತೆಗೇ ಅವುಗಳ ಹೆಸರು, ಗಾತ್ರ, ಬೈಟ್‌ಗಳ ಕ್ರಮ ಎಲ್ಲವೂ ಕಡತದೊಳಗೇ ಇರುತ್ತವೆ. ಓದುವ ಯಂತ್ರ ಬೇರೆ ಜಾತಿಯದಾದರೆ ಲೈಬ್ರರಿಯೇ ಬದಲಿಸಿ ಕೊಡುತ್ತದೆ.

ಕಡತದ ಮೊದಲ 8 ಬೈಟ್‌ಗಳೇ ಜಾಣತನದ ಕೆಲಸ: 137, 72, 68, 70, 13, 10, 26, 10. ನಡುವಿನ 72, 68, 70 ಎಂದರೆ ಎಚ್, ಡಿ, ಎಫ್. 13 ಮತ್ತು 10 ಸಾಲು ಮುಗಿಸುವ ಗುರುತುಗಳು. ದಾರಿಯಲ್ಲಿ ಯಾವುದೋ ತಂತ್ರಾಂಶ ಇದನ್ನು ಬರೀ ಪಠ್ಯವೆಂದು ತಿಳಿದು ಸಾಲಿನ ಕೊನೆಗಳನ್ನು ತಿದ್ದಿದರೆ ಈ ಸರಣಿ ಕೆಡುತ್ತದೆ, ಕಡತ ಹಾಳಾಗಿದೆಯೆಂದು ಮೊದಲ ನೋಟಕ್ಕೇ ತಿಳಿಯುತ್ತದೆ.

ಲೈಬ್ರರಿಯ ಸೋರ್ಸ್ ಕೋಡ್ ಎಲ್ಲರಿಗೂ ಮುಕ್ತ. ಹಾಗಾಗಿ ತಮ್ಮ ಯಂತ್ರಕ್ಕೆ ತಕ್ಕಂತೆ ತಾವೇ ಕಟ್ಟಿಕೊಳ್ಳುವ ರೂಢಿ ಬೆಳೆಯಿತು. 2025ರಲ್ಲಿ ಬಂದ 2.0ಕ್ಕೆ ಮೊದಲಿನ ಆವೃತ್ತಿಗಳಲ್ಲಿ, ಪೊಟ್ಟಣ ಬಿಚ್ಚಿ ಮೊದಲು 'ಕಾನ್ಫಿಗರ್' ಎಂಬ ಆದೇಶ ಓಡಿಸಬೇಕು. ಕಂಪೈಲರ್ ಯಾವುದು, ಪೂರ್ಣಾಂಕಕ್ಕೆ ಎಷ್ಟು ಬೈಟ್, ಬೈಟ್‌ಗಳ ಕ್ರಮವೇನು, ಕಡತ ಕುಗ್ಗಿಸುವ ಜಡ್‌ಲಿಬ್ ಇದೆಯೇ ಎಂದು ಅದು ಒಂದೊಂದಾಗಿ ತಡಕಿ ನೋಡುತ್ತದೆ. ಆಮೇಲೆ 'ಮೇಕ್' ಕಂಪೈಲ್ ಮಾಡುತ್ತದೆ. 'ಮೇಕ್ ಚೆಕ್' ಕಡತಗಳನ್ನು ಬರೆದು, ಮತ್ತೆ ಓದಿ ಹೋಲಿಸುತ್ತದೆ. ಕೊನೆಗೆ 'ಮೇಕ್ ಇನ್‌ಸ್ಟಾಲ್'. ಅಡ್ಮಿನ್ ಪಾಸ್‌ವರ್ಡ್ ಇಲ್ಲದ ವಿದ್ಯಾರ್ಥಿ 'ಕಾನ್ಫಿಗರ್'ಗೆ 'ಪ್ರಿಫಿಕ್ಸ್' ಎಂಬ ಆಯ್ಕೆ ಕೊಟ್ಟು ತನ್ನ ಹೋಮ್ ಫೋಲ್ಡರ್‌ನಲ್ಲೇ ಕೂರಿಸಿಕೊಳ್ಳಬಹುದು. ಜಡ್‌ಲಿಬ್ ಸಿಗದಿದ್ದರೂ ಕೆಲಸ ಸಲೀಸಾಗಿ ಮುಗಿದಂತೆ ಕಾಣುವುದುಂಟು. ಕಡತದಲ್ಲಿ ಕುಗ್ಗಿಸಿಟ್ಟ ಅಂಕಿಗಳನ್ನು ಓದಹೊರಟಾಗಲೇ ಲೈಬ್ರರಿ ಕೈಕೊಡುವುದು. ಆದ್ದರಿಂದ 'ಕಾನ್ಫಿಗರ್' ಕೊನೆಯಲ್ಲಿ ತೋರಿಸುವ ಪಟ್ಟಿಯನ್ನು ಓದದೆ ಮುಂದೆ ಹೋಗಬಾರದು.

2013ರ ಜುಲೈ 26ರಂದು ಫ್ರೆಂಚ್ ಗಯಾನಾದ ಕೌರುವಿನಿಂದ ಹಾರಿದ ಇನ್ಸಾಟ್-3ಡಿಯ ನಿಯಂತ್ರಣ ನಡೆದದ್ದು ನಮ್ಮ ಹಾಸನದಿಂದ. ಅದರ ಇಮೇಜರ್‌ಗೆ 6 ಚಾನೆಲ್. ಹೀಗೆ ಕಟ್ಟಿಕೊಂಡ ಲೈಬ್ರರಿಯಿಂದ ಶಾಖ ಅಳೆಯುವ ಒಂದನ್ನು ತೆರೆದು ನೋಡಿದರೆ ಪ್ರತಿ ಚುಕ್ಕೆಗೂ ಸಿಗುವುದು 0ಯಿಂದ 1023ರೊಳಗಿನ ಒಂದು ಅಂಕಿ ಮಾತ್ರ. ಅದೇ ಕಡತದಲ್ಲಿ 1024 ಸಾಲಿನ ಇನ್ನೊಂದು ಕೋಷ್ಟಕವಿದೆ. ಅಂಕಿಯನ್ನು ಅಲ್ಲಿ ಹುಡುಕಿದರೆ ಮೋಡದ ನೆತ್ತಿಯ ಉಷ್ಣತೆ ಕೆಲ್ವಿನ್‌ನಲ್ಲಿ ಸಿಗುತ್ತದೆ. ಹಿಂದೆ ಟೇಪಿನ ಜೊತೆ ಹಾಳೆಯಲ್ಲಿ ಬರುತ್ತಿದ್ದ ವಿವರ ಈಗ ಕಡತದ ಒಳಗೇ ಇದೆ. ವಡೋದರ, ಸೂರತ್, ಮಂಗಳೂರು ಮೂರೂ ಒಂದೇ ಕಡತದಲ್ಲಿವೆ, ಸುಮಾರು 4 ಕಿಲೋಮೀಟರ್ ಅಗಲದ ಚುಕ್ಕೆಗಳಾಗಿ.

2024ರ ಫೆಬ್ರವರಿ 17ರಂದು ಶ್ರೀಹರಿಕೋಟದಿಂದ ಹಾರಿದ ಇನ್ಸಾಟ್-3ಡಿಎಸ್‌ನ ಚಿತ್ರಗಳೂ ಎಚ್‌ಡಿಎಫ್5 ರೂಪದಲ್ಲೇ ಬರುತ್ತಿವೆ. ಮೋಸ್‌ಡ್ಯಾಕ್‌ನಲ್ಲಿ ಹೆಸರು ನೋಂದಾಯಿಸಿಕೊಂಡರೆ ಅಹಮದಾಬಾದಿನ ಈ ಭಂಡಾರ ಕರ್ನಾಟಕದ ಯಾವ ಕಾಲೇಜಿನ ವಿದ್ಯಾರ್ಥಿಗೂ ತೆರೆಯುತ್ತದೆ. ಲಿನಕ್ಸ್ ಇರುವ ಒಂದು ಕಂಪ್ಯೂಟರ್, ಒಂದು ಸಿ ಕಂಪೈಲರ್ ಇದ್ದವರು ಮುಂದಿನ ಮುಂಗಾರಿಗೆ ತಮ್ಮೂರಿನ ಮೇಲಿನ ಮೋಡವನ್ನು ತಾವೇ ಓದಿ ನೋಡಬಹುದು.