‘ಓಕೆ’ ಬಗ್ಗೆ ನಾನು ಹೇಳಿದ್ದು ತಪ್ಪು

ಇವತ್ತಿನದು ಚಿಕ್ಕ ಸಂಚಿಕೆ. ಒಂದು ತಪ್ಪು ಒಪ್ಪಿಕೊಳ್ಳೋದಿದೆ.

ಅಮೆರಿಕದ ಅಂತರ್ಯುದ್ಧದ ಸಂಚಿಕೆಯಲ್ಲಿ ನಾನೊಂದು ಕತೆ ಹೇಳಿದ್ದೆ. ಯಾರೂ ಸಾಯದ ದಿನ ಸೈನಿಕರು ‘ಝೀರೋ ಕಿಲ್ಡ್’ ಅಂತ ಫಲಕದ ಮೇಲೆ ಬರೀತಿದ್ರು, ಅದೇ ಮುಂದೆ ‘ಓಕೆ’ ಆಯ್ತು ಅಂತ. ಕತೆ ಚೆನ್ನಾಗಿದೆ, ಆದರೆ ಸುಳ್ಳು. ಕೇಳುಗರೊಬ್ಬರು ಮೆಸೇಜ್ ಮಾಡಿ, “ತಾರೀಖು ನೋಡಿದ್ರಾ?” ಅಂತ ಕೇಳಿದ್ರು. ನೋಡಿರಲಿಲ್ಲ. ನಾನು ಓದಿದ್ದು ಬಿಕಾಂ. ವೋಚರ್ ಕೈಗೆ ಬಂದರೆ ಮೊದಲು ತಾರೀಖು ನೋಡು ಅಂತ ಕಲಿತವನು!

ಯುದ್ಧ ಶುರುವಾಗಿದ್ದು 1861ರಲ್ಲಿ. ‘ಓಕೆ’ ಅನ್ನೋದು 1839ರ ಮಾರ್ಚ್ 23ರ ‘ಬಾಸ್ಟನ್ ಮಾರ್ನಿಂಗ್ ಪೋಸ್ಟ್’ ಪತ್ರಿಕೆಯಲ್ಲೇ ಅಚ್ಚಾಗಿದೆ. ಅಲ್ಲಿಗೆ ನನ್ನ ಕತೆ ಮುಗೀತು.

ಆಗ ಅಲ್ಲಿನ ಪತ್ರಿಕೆಗಳಿಗೆ ಒಂದು ಹುಚ್ಚು. ಬೇಕಂತಲೇ ಸ್ಪೆಲಿಂಗ್ ತಪ್ಪಿಸಿ, ಮೊದಲಕ್ಷರ ಮಾತ್ರ ಬರೆಯೋದು. ‘ಆಲ್ ಕರೆಕ್ಟ್’ನಲ್ಲಿ ‘ಎ’ ಬದಲು ‘ಓ’, ‘ಸಿ’ ಬದಲು ‘ಕೆ’. ನಾವು ಗುಡ್ ನೈಟ್‌ಗೆ ‘ಜಿಎನ್’ ಅಂತ ಹಾಕ್ತೀವಲ್ಲ, ಅಂಥದ್ದೇ ಚೇಷ್ಟೆ. ‘ಆಲ್ ರೈಟ್’ಗೆ ‘ಓಡಬ್ಲ್ಯು’ ಅಂತಲೂ ಇತ್ತು. ಅದು ಉಳೀಲಿಲ್ಲ.

‘ಓಕೆ’ ಉಳಿದಿದ್ದಕ್ಕೆ ದೊಡ್ಡ ಕಾರಣ 1840ರ ಚುನಾವಣೆ. ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರೆನ್ ಅವರ ಊರು ಕಿಂಡರ್‌ಹುಕ್. ‘ಓಲ್ಡ್ ಕಿಂಡರ್‌ಹುಕ್’ ಅನ್ನೋ ಅಡ್ಡಹೆಸರು ಹಿಡಿದು ಬೆಂಬಲಿಗರು ‘ಓಕೆ ಕ್ಲಬ್’ ಕಟ್ಟಿದರು. ಎದುರಾಳಿಗಳು ಸುಮ್ಮನಿರ್ತಾರಾ? ಹಿಂದಿನ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್‌ಗೆ ಸ್ಪೆಲಿಂಗ್ ಬರಲ್ಲ, ಕಡತಗಳ ಮೇಲೆ ‘ಓಕೆ’ ಅಂತ ಗೀಚ್ತಿದ್ರು ಅಂತ ಹಬ್ಬಿಸಿದರು. ಆ ಗೇಲಿಯನ್ನೂ ಇತಿಹಾಸ ಅಂತ ಹೇಳೋರು ಇವತ್ತಿಗೂ ಇದ್ದಾರೆ. ನನ್ನಂಥವರೇ ಇರಬೇಕು. ವ್ಯಾನ್ ಬ್ಯೂರೆನ್ ಸೋತರು, ಪದ ಮಾತ್ರ ಜನರ ಬಾಯಲ್ಲಿ ಉಳೀತು.

ಇದನ್ನೆಲ್ಲ ಹಳೇ ಪತ್ರಿಕೆಗಳಿಂದ ಹೆಕ್ಕಿ, 1963–64ರಲ್ಲಿ ಸಾಕ್ಷಿ ಸಮೇತ ಪ್ರಕಟಿಸಿದವರು ಅಲೆನ್ ವಾಕರ್ ರೀಡ್ ಅನ್ನೋ ವಿದ್ವಾಂಸರು.

ಮೂಲ ಗೊತ್ತಾದ ಮೇಲೆ ಈ ಪದದ ಬಳಕೆಯೂ ಸ್ಪಷ್ಟವಾಯ್ತು. ‘ಓಕೆ’ ಅಂದರೆ ಹೊಗಳಿಕೆ ಅಲ್ಲ, ತಪ್ಪಿಲ್ಲ ಅಂತ ಅಷ್ಟೇ. ಆಡಿಟ್‌ನಲ್ಲಿ ಹಾಕೋ ಟಿಕ್ ಮಾರ್ಕ್ ಥರ. ಅದಕ್ಕೇ ಅಮ್ಮ ಹೊಸ ತಿಂಡಿ ಮಾಡಿ “ಹೇಗಿದೆಯೋ?” ಅಂದಾಗ “ಓಕೆ” ಅಂದರೆ ಮುಖ ಸಪ್ಪಗಾಗುತ್ತೆ. ನಮ್ಮ ‘ಪರವಾಗಿಲ್ಲ’ ಇದೆಯಲ್ಲ, ಅದರ ಪಕ್ಕದ ಮನೆ ಇದು.

ಹಳೇ ಸಂಚಿಕೆಯಿಂದ ಆ ಎರಡು ನಿಮಿಷ ತೆಗೆದಿದ್ದೇನೆ. ಮೆಸೇಜ್ ಮಾಡಿದವರಿಗೆ ತಿದ್ದಿದ ಆಡಿಯೋ ಕಳಿಸಿದೆ. “ಓಕೆ” ಅಂತ ಉತ್ತರ ಬಂತು.