ಹಣೆಯಿಂದ ಇಳಿದ ಮೂಗು

ನಮ್ಮ ಜನ ಮಾನವನ್ನು ಮೂಗಿನಲ್ಲಿಟ್ಟಿದ್ದಾರೆ. ಶೂರ್ಪನಖಿಯ ಕಥೆಯಿಂದ ಮೊದಲ್ಗೊಂಡು, ಶಿಕ್ಷೆಯೆಂದರೂ ಸೇಡೆಂದರೂ ಕತ್ತಿ ಅಲ್ಲಿಗೇ ಹೋಗುತ್ತಿತ್ತು. ಕೊಯ್ದವರ ಕಥೆಗಳನ್ನು ತಾವು ಸಾಕಷ್ಟು ಕೇಳಿದ್ದೀರಿ. ಜೋಡಿಸಿದವರ ಕಥೆಯನ್ನು ಹೇಳುವವರು ವಿರಳ.

ನಾನಿರುವ ತಂಗಡಗಿ ಕೃಷ್ಣೆಯ ದಂಡೆಯ ಊರು. ಇಲ್ಲಿಂದ ದಕ್ಷಿಣಕ್ಕೆ ಬಹುದೂರದಲ್ಲಿ ಶ್ರೀರಂಗಪಟ್ಟಣ, ವಾಯವ್ಯಕ್ಕೆ ಪುಣೆ. ಈ ಕಥೆಯ ಗಾಯ ಆ ಕಡೆಯದು, ಮದ್ದು ಈ ಕಡೆಯದು. ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ದಂಡಿಗೆ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತ 1792ರಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕ. ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡು ಹಿಂದಿರುಗಿದ. ಒಂದು ವರ್ಷಕ್ಕೂ ಮಿಕ್ಕಿ ಹಾಗೆಯೇ ಇದ್ದು, ಕೊನೆಗೆ ಪುಣೆಯ ಸಮೀಪದಲ್ಲಿ ಇಟ್ಟಿಗೆ ಮಾಡುವ ಜಾತಿಯವನೊಬ್ಬನಿಂದ ಹೊಸ ಮೂಗು ಪಡೆದ. ಈ ವೃತ್ತಾಂತ, ಚಿತ್ರಸಮೇತ, 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆಯಲ್ಲಿ ಅಚ್ಚಾಯಿತು. ಮುಂಬಯಿ ಪ್ರಾಂತದ ಇಬ್ಬರು ಆಂಗ್ಲ ವೈದ್ಯರು ಇಂಥ ಚಿಕಿತ್ಸೆಯನ್ನು ಕಣ್ಣಾರೆ ಕಂಡಿದ್ದರೆಂದು ಅದರಲ್ಲಿ ಹೇಳಿದೆ.

ಆ ಕೆಲಸದ ಕ್ರಮವನ್ನು ನೋಡಿ. ಮೊದಲು ತೆಳುವಾದ ಮೇಣದ ಹಾಳೆಯಿಂದ ಮೂಗಿನ ಆಕಾರ ಮಾಡಿಕೊಳ್ಳುವುದು. ಅದನ್ನು ಚಪ್ಪಟೆಯಾಗಿಸಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆಯುವುದು. ಗೆರೆಯೊಳಗಿನ ಚರ್ಮವನ್ನು ಬಿಡಿಸುವುದು. ಆದರೆ ಎರಡು ಕಣ್ಣುಗಳ ನಡುವೆ ಚಿಕ್ಕದೊಂದು ಪಟ್ಟಿಯನ್ನು ಕತ್ತರಿಸದೆ ಉಳಿಸುವುದು. ಮೊಂಡು ಮೂಗಿನ ಹಳೆಯ ಗಾಯದ ಕಲೆಯನ್ನು ಹೆರೆದು ಹಸಿಮಾಡಿ, ಹಣೆಯ ಚರ್ಮವನ್ನು ಅರ್ಧ ಸುತ್ತು ತಿರುಚಿ ಕೆಳಗಿಳಿಸಿ, ಅದರ ಅಂಚನ್ನು ಅಲ್ಲಿ ಸೇರಿಸುವುದು. ನಾವು ಎಲೆಯಡಿಕೆಗೆ ಹಾಕುವ ಕಾಚನ್ನು ನೀರಿನಲ್ಲಿ ಕಲಸಿ ಬಟ್ಟೆಗೆ ಬಳಿದು ಮೇಲೆ ಹಚ್ಚುವುದು. ನಾಲ್ಕು ದಿನಗಳ ಬಳಿಕ ತುಪ್ಪದಲ್ಲಿ ಅದ್ದಿದ ಬಟ್ಟೆ; ಹತ್ತನೆಯ ದಿನ ಹೊಳ್ಳೆಗಳು ಮುಚ್ಚದಂತೆ ಮೆತ್ತನೆಯ ಅರಿವೆಯ ಚೂರು. ಇಪ್ಪತ್ತೈದನೆಯ ದಿನದ ಸುಮಾರಿಗೆ ಆ ಪಟ್ಟಿಯನ್ನು ಕತ್ತರಿಸುವುದು.

ಎಲ್ಲ ಗುಟ್ಟೂ ಆ ಪಟ್ಟಿಯಲ್ಲಿದೆ. ಅದನ್ನು ತೊಟ್ಟು ಎನ್ನೋಣ. ಮಾವಿನ ಕೊಂಬೆಯನ್ನು ಬಾಗಿಸಿ ಪಕ್ಕದ ಸಸಿಗೆ ಕಟ್ಟಿ ಕಸಿ ಮಾಡುವವರು, ಬೆಸುಗೆ ಕೂಡುವ ತನಕ ಅದನ್ನು ತಾಯಿಮರದಿಂದ ಬೇರ್ಪಡಿಸುವುದಿಲ್ಲವಷ್ಟೆ? ಹಾಗೆಯೇ, ಹೊಸ ನೆಲೆಯಲ್ಲಿ ಬೇರು ಹಿಡಿಯುವವರೆಗೆ ಚರ್ಮಕ್ಕೆ ಹಳೆಯ ನೆಲೆಯ ರಕ್ತ ತೊಟ್ಟಿನ ಮೂಲಕ ಹರಿಯುತ್ತಿರಬೇಕು. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 16ನೆಯ ಅಧ್ಯಾಯದಲ್ಲಿಯೂ ಮೂಗಿನ ಸಂಧಾನವುಂಟು. ಅಲ್ಲಿ ಅಳತೆಗೆ ಮರದ ಎಲೆ, ಚರ್ಮ ಕೆನ್ನೆಯದು. ಪುಣೆಯವನದು ಹಣೆ. ಗ್ರಂಥವನ್ನೋದಿ ಆತ ಕಲಿತಿರಲಾರ. ಕೈಯಿಂದ ಕೈಗೆ ಬಂದ ವಿದ್ಯೆಯೆಂದೇ ನನಗೆ ತೋರುತ್ತದೆ. ಪಂಡಿತರಾದ ನಾವು ಇದನ್ನು ಒಪ್ಪಿಕೊಳ್ಳುವುದು ಲೇಸು.

ಲಂಡನ್ನಿನ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯ ಈ ಪದ್ಧತಿಯನ್ನು ಮೊದಲು ಶವಗಳ ಮೇಲೆ ಅಭ್ಯಾಸ ಮಾಡಿ, 1814ರಲ್ಲಿ ಸೇನಾಧಿಕಾರಿಯೊಬ್ಬನಿಗೆ ಪ್ರಯೋಗಿಸಿ, 1816ರಲ್ಲಿ ಪುಸ್ತಕ ಬರೆದ. ಮೂಗು ಕೊಟ್ಟವನ ಹೆಸರನ್ನು ಮಾತ್ರ ಆ ಪತ್ರಿಕೆ ಬರೆದಿಡಲಿಲ್ಲ. ಎತ್ತಿನವನ ಹೆಸರು ಉಳಿಯಿತು, ಗುರುವಿನದು ಅಳಿಯಿತು.

ಇದೇ ತೊಟ್ಟು ಈಗ ಇನ್ನೂ ಒಳಗೆ ಹೋಗಿದೆ. ಮೂಗಿನ ಮಾಳಿಗೆಯೇ ಮಿದುಳಿನ ನೆಲ. ನಡುವಿನ ಎಲುಬು ಕೆಲವೆಡೆ ಕಾಗದದಷ್ಟು ತೆಳು. ಅಲ್ಲಿ ಬೆಳೆದ ಗಂಟನ್ನು ವೈದ್ಯರು ಹೊಳ್ಳೆಯ ದಾರಿಯಲ್ಲಿ ಎಂಡೋಸ್ಕೋಪು ತೂರಿಸಿ ತೆಗೆಯುತ್ತಾರೆ. ಉಳಿದ ರಂಧ್ರವನ್ನು ಮುಚ್ಚದಿದ್ದರೆ ಮಿದುಳಿನ ಸುತ್ತಣ ನೀರು ಮೂಗಿಗೆ ಸೋರುತ್ತದೆ, ಸೋಂಕು ಮೇಲೇರುತ್ತದೆ, ಜೀವಕ್ಕೇ ಅಪಾಯ. ದೇಹದಿಂದ ಬೇರ್ಪಡಿಸಿ ತಂದ ತೇಪೆಗಳು ದೊಡ್ಡ ರಂಧ್ರಗಳಲ್ಲಿ ಎಷ್ಟೋ ಸಲ ಕೈಕೊಡುತ್ತಿದ್ದವು. ಅರ್ಜೆಂಟೀನಾದ ಹದಾದ್ ಮತ್ತು ಬಸ್ಸಗಸ್ತೇಗಿ ಎಂಬ ವೈದ್ಯರ ಉಪಾಯ, ಅಮೆರಿಕದ ಪಿಟ್ಸ್‌ಬರ್ಗಿನ ಸಹೋದ್ಯೋಗಿಗಳೊಡನೆ ಬರೆದ ಲೇಖನದಲ್ಲಿ 2006ರಲ್ಲಿ ಪ್ರಕಟವಾಯಿತು: ಮೂಗಿನ ನಡುಗೋಡೆಯ ಲೋಳೆಪೊರೆಯನ್ನು ಬಿಡಿಸಿ, ಹಿಂಬದಿಯಲ್ಲಿ ರಕ್ತನಾಳದ ತೊಟ್ಟನ್ನುಳಿಸಿ, ರಂಧ್ರದ ಮೇಲೆ ಹೊದಿಸುವುದು. ಸೋರಿಕೆ ಬಹಳ ಇಳಿಯಿತು.

ತಲೆಬುರುಡೆ ತೆರೆದು ಮೇಲಿನಿಂದ ಕೆಲಸ ಮಾಡುವಾಗ ಹಣೆಯ ಎಲುಬಿಗೆ ಅಂಟಿದ ತೆಳುಪೊರೆಯನ್ನು ಬಿಡಿಸಿ ಒಳಕ್ಕೆ ಮಡಿಸುವುದೂ ಉಂಟು. ಅದರ ತೊಟ್ಟು ಹುಬ್ಬುಗಳ ಬಳಿ ಮೇಲೇರುವ ರಕ್ತನಾಳಗಳಲ್ಲಿದೆ. ಕಾವಸ್‌ಜಿಯ ಮೂಗನ್ನು ಸಲಹಿದ ನಾಳಗಳೂ ಅಲ್ಲಿಯವೇ. ಆದರೆ ಈ ತೊಟ್ಟನ್ನು ಇಪ್ಪತ್ತೈದನೆಯ ದಿನ ಯಾರೂ ಕತ್ತರಿಸುವುದಿಲ್ಲ. ಹೊರಗೆ ಕಾಣುವ ಪ್ರಮೇಯವಿಲ್ಲವಾಗಿ, ಅದು ಮಿದುಳಿನ ಕೆಳಗೆ ಹಾಗೆಯೇ ಉಳಿದುಬಿಡುತ್ತದೆ.