ಪದವಿಗೂ ದುಡಿಮೆಗೂ ನಡುವೆ



ಕಾಲೇಜು ಮತ್ತು ಉದ್ಯಮದ ಚರಿತ್ರೆಯನ್ನು ಕುರಿತು ಮಾತನಾಡಲು ವೈದ್ಯನೊಬ್ಬನನ್ನು ಕರೆದಿರುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ವೈದ್ಯಶಿಕ್ಷಣದಲ್ಲಿ ಒಂದು ನಿಯಮವುಂಟು. ಪಠ್ಯಪುಸ್ತಕವನ್ನು ಎಷ್ಟೇ ಕರಗತ ಮಾಡಿಕೊಂಡಿರಲಿ, ಹಿರಿಯರ ಕಣ್ಣೆದುರಿನಲ್ಲಿ ಹೌಸ್ ಸರ್ಜನ್ ಆಗಿ ವಾರ್ಡಿನಲ್ಲಿ ದುಡಿಯದವನ ಕೈಗೆ ರೋಗಿಯನ್ನು ಒಪ್ಪಿಸುವುದಿಲ್ಲ. ಇತರ ವಿದ್ಯೆಗಳಿಗೂ ಇಂಥ ನಿಯಮವಿರಬೇಡವೆ? ಈ ಪ್ರಶ್ನೆಯನ್ನು ಮನಸ್ಸಿಗೆ ಹಚ್ಚಿಕೊಂಡ ಮೂವರ ಕಥೆಯನ್ನು ಇಂದು ತಮ್ಮ ಮುಂದಿಡುತ್ತೇನೆ.

ಮೊದಲನೆಯವರು ಹರ್ಮನ್ ಷ್ನೈಡರ್. ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದಾಗ ಅವರು ಒಂದು ಸಂಗತಿಯನ್ನು ಗಮನಿಸಿದರು. ಮುಂದೆ ಹೆಸರು ಮಾಡಿದ ಎಂಜಿನಿಯರುಗಳಲ್ಲಿ ಹೆಚ್ಚಿನವರು ಓದುತ್ತಿದ್ದಾಗಲೇ ಎಲ್ಲಿಯಾದರೂ ದುಡಿದವರಾಗಿದ್ದರು. ಸಿನ್ಸಿನಾಟಿ ವಿಶ್ವವಿದ್ಯಾಲಯಕ್ಕೆ ಬಂದ ಬಳಿಕ, 1906ರಲ್ಲಿ, 27 ವಿದ್ಯಾರ್ಥಿಗಳೊಡನೆ ಅವರು ಹೊಸದೊಂದು ವ್ಯವಸ್ಥೆಯನ್ನು ಆರಂಭಿಸಿದರು. ವಿದ್ಯಾರ್ಥಿಗಳನ್ನು ಜೋಡಿಗಳಾಗಿ ವಿಂಗಡಿಸಲಾಯಿತು. ಒಬ್ಬನು ತರಗತಿಯಲ್ಲಿ ಕುಳಿತಿದ್ದರೆ ಅವನ ಜೊತೆಗಾರನು ಕಾರ್ಖಾನೆಯಲ್ಲಿ ಕೂಲಿಗೆ ದುಡಿಯುತ್ತಿದ್ದನು. ಮರುವಾರ ಇಬ್ಬರೂ ಸ್ಥಾನ ಬದಲಿಸುತ್ತಿದ್ದರು. ವಿಶ್ವವಿದ್ಯಾಲಯದ ಆಡಳಿತ ಮಂಡಳಿ ಕೇವಲ ಒಂದು ವರ್ಷದ ಮಟ್ಟಿಗೆ, ಸೋತರೆ ಹೊಣೆ ತನ್ನದಲ್ಲವೆಂಬ ಷರತ್ತಿನೊಡನೆ ಇದಕ್ಕೆ ಅನುಮತಿ ನೀಡಿತ್ತು. ವ್ಯವಸ್ಥೆ ಸೋಲಲಿಲ್ಲ. 1909ರಲ್ಲಿ ಬಾಸ್ಟನ್ನಿನ ನಾರ್ತ್‌ಈಸ್ಟರ್ನ್, 1957ರಲ್ಲಿ ಕೆನಡಾದ ವಾಟರ್‌ಲೂ ಇದೇ ದಾರಿಯನ್ನು ಹಿಡಿದವು. ನಮ್ಮ ಮಕ್ಕಳು ಬಾಯಿತುಂಬ ಹೇಳುವ ‘ಕೋ-ಆಪ್’ ಹುಟ್ಟಿದ್ದು ಹೀಗೆ.

ಎರಡನೆಯವರು ಸ್ಟ್ಯಾನ್‌ಫರ್ಡಿನ ಫ್ರೆಡರಿಕ್ ಟರ್ಮನ್. 1924ರಲ್ಲಿ ತೀವ್ರ ಕ್ಷಯರೋಗಕ್ಕೆ ತುತ್ತಾಗಿ ಸುಮಾರು ಒಂದು ವರ್ಷ ಹಾಸಿಗೆ ಹಿಡಿದಿದ್ದ ಈ ತರುಣ, ಪೂರ್ವ ತೀರದಲ್ಲಿ ಕಾದಿದ್ದ ಅಧ್ಯಾಪಕ ವೃತ್ತಿಯನ್ನು ಬಿಟ್ಟು ಕ್ಯಾಲಿಫೋರ್ನಿಯಾದಲ್ಲೇ ನೆಲೆಸಬೇಕಾಯಿತು. ಗುಣಮುಖರಾಗಿ ಪಾಠ ಹೇಳತೊಡಗಿದ ಅವರನ್ನು ಒಂದು ಚಿಂತೆ ಕಾಡುತ್ತಿತ್ತು. ಅವರು ತಿದ್ದಿ ತೀಡಿದ ಶಿಷ್ಯರೆಲ್ಲ ನೌಕರಿಗಾಗಿ ಪೂರ್ವಕ್ಕೆ ವಲಸೆ ಹೋಗುತ್ತಿದ್ದರು. ಊರಿನಲ್ಲೇ ಉದ್ಯಮವಿಲ್ಲದಿದ್ದರೆ ಶಿಷ್ಯರೇ ಅದನ್ನು ಕಟ್ಟಲಿ ಎಂದು ಅವರು ಬಗೆದರು. ಸುತ್ತಮುತ್ತಲ ಸಣ್ಣ ರೇಡಿಯೋ ಕಾರ್ಖಾನೆಗಳಿಗೆ ವಿದ್ಯಾರ್ಥಿಗಳನ್ನು ಕರೆದೊಯ್ದು, ಅವುಗಳನ್ನು ಕಟ್ಟಿದವರ ಪರಿಚಯ ಮಾಡಿಸಿದರು.

ಆ ಶಿಷ್ಯರಲ್ಲಿ ಡೇವಿಡ್ ಪ್ಯಾಕರ್ಡ್ ನ್ಯೂಯಾರ್ಕ್ ರಾಜ್ಯದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ನೌಕರಿ ಹಿಡಿದಿದ್ದರು. 1938ರಲ್ಲಿ 500 ಡಾಲರಿನ ವಿದ್ಯಾರ್ಥಿವೇತನವೊಂದನ್ನು ಹೊಂದಿಸಿ ಟರ್ಮನ್ ಅವರನ್ನು ಹಿಂದಕ್ಕೆ ಕರೆಸಿಕೊಂಡರು. ಇನ್ನೊಬ್ಬ ಶಿಷ್ಯ ವಿಲಿಯಂ ಹ್ಯೂಲೆಟ್ ತಮ್ಮ ಪ್ರಬಂಧಕ್ಕಾಗಿ ರಚಿಸಿದ್ದ ಆಸಿಲೇಟರ್, ಅಂದರೆ ಬೇಕಾದ ಶ್ರುತಿಯ ವಿದ್ಯುತ್ ಸಂಕೇತವನ್ನು ಹೊರಡಿಸುವ ಉಪಕರಣ, ಮಾರಾಟಕ್ಕೆ ಯೋಗ್ಯವೆಂದು ಗುರುವಿಗೆ ತೋರಿತು. ಪುಟ್ಟ ವಿದ್ಯುತ್ ಬಲ್ಬೊಂದನ್ನು ಜಾಣ್ಮೆಯಿಂದ ಬಳಸಿದ್ದರಿಂದ ಅದರ ಬೆಲೆ 54 ಡಾಲರ್ 40 ಸೆಂಟಿಗೆ ಇಳಿದಿತ್ತು. 1939ರ ಜನವರಿಯಲ್ಲಿ 538 ಡಾಲರ್ ಬಂಡವಾಳದೊಡನೆ, ಪಾಲೋ ಆಲ್ಟೋದ ಕಾರು ನಿಲ್ಲಿಸುವ ಶೆಡ್ಡಿನಲ್ಲಿ, ಹ್ಯೂಲೆಟ್-ಪ್ಯಾಕರ್ಡ್ ಆರಂಭವಾಯಿತು. ವಾಲ್ಟ್ ಡಿಸ್ನಿ ಸಂಸ್ಥೆ ತನ್ನ ‘ಫ್ಯಾಂಟೇಸಿಯಾ’ ಚಿತ್ರಕ್ಕಾಗಿ ಎಂಟು ಆಸಿಲೇಟರುಗಳನ್ನು ಕೊಂಡುಕೊಂಡಿತು.

ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಹ್ಯೂಲೆಟ್ ಅವರ ತಂದೆ ಸ್ಟ್ಯಾನ್‌ಫರ್ಡಿನಲ್ಲಿ ವೈದ್ಯಕೀಯ ಪ್ರಾಧ್ಯಾಪಕರಾಗಿದ್ದರು. ವೈದ್ಯರ ಮಗ ವೈದ್ಯನೇ ಆಗಬೇಕೆಂಬ ಹಟ ಅಲ್ಲಿ ನಡೆದಿದ್ದರೆ ಈ ಚರಿತ್ರೆ ಬೇರೆಯಾಗುತ್ತಿತ್ತು.

ಮೂರನೆಯವರು ನಮ್ಮವರೇ ಆದ ಮಣಿಪಾಲದ ಡಾ. ಟಿ.ಎಂ.ಎ. ಪೈ. ಟರ್ಮನ್ನರ ಚಿಂತೆಗೂ ನಮ್ಮ ಕರಾವಳಿಯ ಚಿಂತೆಗೂ ಅಂತರ ಕಡಿಮೆ. ಅಲ್ಲಿಯ ತರುಣರು ಮುಂಬಯಿಗೆ, ಆಮೇಲೆ ಕೊಲ್ಲಿಗೆ, ಇನ್ನೂ ಆಮೇಲೆ ನಾವಿರುವಂಥ ದೂರದ ದೇಶಗಳಿಗೆ ಹೊರಟವರು. ಮದರಾಸಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ಬಂದ ಪೈಯವರು ರೋಗಿಗಳ ಕಾಯಿಲೆಯ ಹಿಂದೆ ಬಡತನವನ್ನು ಕಂಡರು. 1925ರಲ್ಲಿ ಉಪೇಂದ್ರ ಪೈ ಹಾಗೂ ವಾಮನ ಕುಡ್ವ ಅವರೊಡನೆ ಉಡುಪಿಯಲ್ಲಿ 8,000 ರೂಪಾಯಿ ಬಂಡವಾಳದ ಬ್ಯಾಂಕೊಂದನ್ನು ತೆರೆದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು ಅದೇ. 1928ರಲ್ಲಿ ಬಂದ ಪಿಗ್ಮಿ ಠೇವಣಿಯಲ್ಲಿ ಏಜೆಂಟರು ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿನಲ್ಲೇ ಸ್ವೀಕರಿಸುತ್ತಿದ್ದರು. 1942ರಲ್ಲಿ ಅವರು ಸ್ಥಾಪಿಸಿದ ಅಕಾಡೆಮಿ ಆಫ್ ಜನರಲ್ ಎಜುಕೇಷನ್ನಿನ ಮೊದಲ ಉದ್ದೇಶಗಳಲ್ಲಿ ಯುವಕರಿಗೆ ಕೈಕಸುಬು ಕಲಿಸುವುದೂ ಒಂದು. ಕಾಲೇಜುಗಳು ಬಂದದ್ದು ಅನಂತರ: 1949ರಲ್ಲಿ ಉಡುಪಿಯ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜು, 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು.

ಈ ಎಳೆ ಅಲ್ಲಿಗೇ ಕಡಿಯಲಿಲ್ಲ. 1982ರಲ್ಲಿ ಉಜಿರೆಯಲ್ಲಿ, ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳ್ತನದಲ್ಲಿ, ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಎಜುಕೇಷನಲ್ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕುಗಳು ಸೇರಿ ‘ರುಡ್‌ಸೆಟ್’ ಸಂಸ್ಥೆಯನ್ನು ಆರಂಭಿಸಿದವು. ಇದು ಪದವಿ ಕೊಡುವ ಕಾಲೇಜಲ್ಲ. ಹಳ್ಳಿಯ ನಿರುದ್ಯೋಗಿ ಯುವಕ ಯುವತಿಯರಿಗೆ ಕೆಲವು ವಾರ ಉಚಿತ ಊಟ ವಸತಿಯೊಡನೆ ಕಸುಬನ್ನೂ ವ್ಯವಹಾರವನ್ನೂ ಕಲಿಸಿ, ಬ್ಯಾಂಕಿನ ಸಾಲಕ್ಕೆ ದಾರಿ ಮಾಡಿ, ಮನೆಗೆ ಮರಳಿದ ಮೇಲೂ ಅವರ ಯೋಗಕ್ಷೇಮವನ್ನು ವಿಚಾರಿಸುವ ಸಂಸ್ಥೆ. ವೈದ್ಯನಾಗಿ ನನಗೆ ಹಿಡಿಸಿದ್ದು ಈ ಕೊನೆಯ ಅಂಶ. ಔಷಧಿ ಬರೆದುಕೊಟ್ಟರಷ್ಟೇ ಸಾಲದು, ರೋಗಿಯನ್ನು ಮತ್ತೆ ಕರೆದು ನೋಡಬೇಕು. 2009ರಲ್ಲಿ ಕೇಂದ್ರ ಸರ್ಕಾರವು ಇದೇ ಮಾದರಿಯ ಸಂಸ್ಥೆಗಳನ್ನು ಜಿಲ್ಲೆಗೊಂದರಂತೆ ತೆರೆಯಲು ಮುಂದಾಯಿತು.

ಈ ಮೂರು ಕಥೆಗಳಲ್ಲಿಯೂ ದೊಡ್ಡ ಕಟ್ಟಡಕ್ಕಾಗಲಿ ಕೋಟಿಗಟ್ಟಲೆ ದೇಣಿಗೆಗಾಗಲಿ ಮೊದಲ ಸ್ಥಾನವಿಲ್ಲ. ಷ್ನೈಡರ್ ಕೊಟ್ಟದ್ದು ದುಡಿಯುವ ಅವಕಾಶ. ಟರ್ಮನ್ ಕೊಟ್ಟದ್ದು ಪರಿಚಯ ಮತ್ತು ವಿಶ್ವಾಸ. ಕರಾವಳಿಯವರು ಕೊಟ್ಟದ್ದು ಕಸುಬು, ಸಣ್ಣ ಸಾಲ ಮತ್ತು ಬೆನ್ನ ಹಿಂದಿನ ಆಸರೆ.

ನಾವು ಓದಿದ ಕಾಲೇಜುಗಳಿಂದ ಸಹಾಯ ಕೋರಿ ಪತ್ರಗಳು ಬರುತ್ತವೆ. ಹಣ ಕಳಿಸುವ ಮುನ್ನ, ಕೊನೆಯ ವರ್ಷದ ಹುಡುಗ ಹುಡುಗಿಯರು ಎಷ್ಟು ವಾರ ನಿಜವಾದ ಕೆಲಸದಲ್ಲಿ ಕೈಯಾಡಿಸುತ್ತಾರೆ, ಪದವಿ ಪಡೆದು ವರ್ಷವಾದ ಮೇಲೆ ಅವರ ಗತಿಯೇನೆಂದು ಯಾರು ವಿಚಾರಿಸುತ್ತಾರೆ ಎಂದು ಕೇಳೋಣ. ಗೋಡೆಯ ಮೇಲಿನ ನಾಮಫಲಕದ ಬದಲು ಹತ್ತು ವಿದ್ಯಾರ್ಥಿಗಳ ತರಬೇತಿಯ ವೆಚ್ಚವನ್ನು ವಹಿಸಿಕೊಳ್ಳೋಣ. ನಮ್ಮಲ್ಲಿ ಅನೇಕರಿಗೆ ಹಣಕ್ಕಿಂತ ಹೆಚ್ಚಾಗಿ ಪರಿಚಯಗಳಿವೆ. ಅವನ್ನೂ ಧಾರೆ ಎರೆಯಬಹುದು.

ಮನೆಯ ಮಾತೂ ಒಂದಿದೆ. ಬೇಸಿಗೆಯ ರಜೆಯಲ್ಲಿ ಅಂಗಡಿಯಲ್ಲಿ ದುಡಿಯುತ್ತೇನೆಂದೋ ಸ್ನೇಹಿತರೊಡನೆ ಸಣ್ಣ ವ್ಯಾಪಾರ ಹೂಡುತ್ತೇನೆಂದೋ ಮಗಳು ಹೇಳಿದಾಗ, ‘ಮೊದಲು ಮಾರ್ಕ್ಸು ನೋಡಿಕೋ’ ಎಂದು ಅವಳ ಬಾಯಿ ಮುಚ್ಚಿಸದಿರೋಣ. ಖರ್ಚೆಷ್ಟು, ಗಿರಾಕಿ ಯಾರು, ಪಾಲುದಾರರು ಯಾರು ಎಂದು ಕುಳಿತು ಕೇಳೋಣ. ಅವಳಿಗೆ ಆಗ ಬೇಕಾದದ್ದು ಹಾಗೆ ಕುಳಿತು ಕೇಳುವ ಹಿರಿಯರು.